ಬಲಗಡೆಯ ಮುಂದಿನ ಹಲ್ಲು

ಬೆಳಗಿನ ಐದೂಕಾಲಿಗೆ ಆ ಮನೆಯ ಒಂದೇ ಒಂದು ಬೇಸಿನ್ನಿನ ಮುಂದೆ ಮೂವರು ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಮಗಳು, ಹಲ್ಲುಜ್ಜುತ್ತ. ಅವಳ ಹಿಂದೆ ಅಜ್ಜಿ, ತನ್ನ ಹಲ್ಲಿನ ಸೆಟ್ಟನ್ನು ಸ್ಟೀಲ್ ಬಟ್ಟಲಿನ ನೀರಿನಲ್ಲಿ ಮುಳುಗಿಸಿ ಹಿಡಿದುಕೊಂಡು. ಕೊನೆಯಲ್ಲಿ ಅಮ್ಮ, ಆರು ಗಂಟೆಯ ಪಾಳಿಗೆ ಹೊರಡಬೇಕಾದವಳು, ಆಗಲೇ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು. ಮಗಳು ಉಜ್ಜಲು ಶುರುಮಾಡಿ ಹತ್ತು ನಿಮಿಷವಾಗಿತ್ತು.

"ಏನೇ ಗಿಣಿ, ಹಲ್ಲುಜ್ಜತಾ ಇದೀಯೋ, ತಳ ಹಿಡಿದ ಪಾತ್ರೆ ಬೆಳಗ್ತಾ ಇದೀಯೋ?" ಎಂದಳು ಅಜ್ಜಿ.

ಮೊಮ್ಮಗಳು ಉಗುಳಿದಳು. ನೊರೆ ನೀಲಿಯಾಗಿತ್ತು. ಹಿಂದಿನಿಂದ ಇಣುಕಿದ ಅಮ್ಮನಿಗೆ ಆ ನೀಲಿಯ ಗುರುತು ತಕ್ಷಣ ಹತ್ತಿತು. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವಳು ಅವಳು. ವಾರ್ಡಿನ ಆಯಾಗಳಿಂದ ದೊಡ್ಡ ಡಾಕ್ಟರವರೆಗೆ ಎಲ್ಲರೂ ಲಾಂಡ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ನಾವೂ ಅಕ್ಕ ಎಂದೇ ಕರೆದರೆ ತಪ್ಪಿಲ್ಲ. ಮಂಚದ ಹಾಸುಗಳಿಗೆ ಕೊನೆಯ ನೀರಿನಲ್ಲಿ ಹಾಕುವ ನೀಲಿಯೂ ಇದೇ ಬಣ್ಣದ್ದು.

"ಇದ್ಯಾವ ಪೇಸ್ಟೇ?"

"ಬೆಳ್ಳಗೆ ಮಾಡೋದು. ಹದಿನಾಲ್ಕು ದಿನದಲ್ಲಿ ಅಂತ ಡಬ್ಬದ ಮೇಲೇ ಬರೆದಿದೆ."

"ನೀಲಿ ಹಾಕಿದ್ರೆ ಬಟ್ಟೆ ಬೆಳ್ಳಗಾಗಲ್ಲ ಕಣೇ. ಬೆಳ್ಳಗೆ ಕಾಣತ್ತೆ, ಅಷ್ಟೆ."

"ಕಂಡ್ರೆ ಸಾಕಮ್ಮ. ನನಗೇನು ಒಳಗೊಳಗೆ ಬೆಳ್ಳಗಾಗಬೇಕಾ?" ಎಂದು ಗಿಣಿ ಬಾಯಿ ಒರೆಸಿಕೊಂಡು ಜಾಗ ಬಿಟ್ಟಳು.

ವಿಷಯ ಇಷ್ಟು. ಗಿಣಿ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ನೆಲಮಾಳಿಗೆಯಲ್ಲಿ. ಗಿರಾಕಿಗಳು ಮೇಲೆ ಬಿಚ್ಚಿ ಬಿಸಾಕಿದ ಬಟ್ಟೆಯನ್ನೆಲ್ಲ ಮಡಿಸಿ, ಚೀಟಿ ನೋಡಿ, ಮತ್ತೆ ಜೋಡಿಸುವ ಕೆಲಸ. ಕಿಟಕಿ ಇಲ್ಲ, ಒಂದೇ ಫ್ಯಾನು, ಬಟ್ಟೆಯ ಧೂಳು. ನಾಲ್ಕು ವರ್ಷದಲ್ಲಿ ಅವಳಿಗೆ ಹತ್ತಿದ್ದ ಒಣಕೆಮ್ಮು ಈಗ ಬಿಡುವ ಯೋಚನೆಯನ್ನೇ ಬಿಟ್ಟಿತ್ತು. ಮೇಲಿನ ಕೌಂಟರಿಗೆ ಒಬ್ಬಳನ್ನು ತೆಗೆದುಕೊಳ್ಳುತ್ತಾರೆ, ಎರಡು ತಿಂಗಳೊಳಗೆ ಎಂದು ಸುದ್ದಿಯಾಗಿತ್ತು. ಕೆಳಗಿಳಿದು ಬಂದಿದ್ದ ಸೂಪರ್‌ವೈಸರಮ್ಮ ಮಡಿಸುವ ಹುಡುಗಿಯರನ್ನೆಲ್ಲ ಒಂದು ಸುತ್ತು ನೋಡಿ ಗಿಣಿಗೆ ಹೇಳಿದ್ದರು: "ನಿನ್ನ ನಗು ಚೆನ್ನಾಗಿದೆ. ಹಲ್ಲು ಸ್ವಲ್ಪ ನೋಡ್ಕೋ." ಆ ಅರ್ಧ ಮಾತು ಗಿಣಿಯ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು.

ಆ ಮನೆಯಲ್ಲಿ ಹಲ್ಲಿನ ವಿಷಯ ಎತ್ತುವುದೆಂದರೆ ಅರ್ಚಕರ ಮನೆಯಲ್ಲಿ ಮಂತ್ರ ತಪ್ಪು ಹೇಳಿದ ಹಾಗೆ. ಏಕೆಂದರೆ ಗಿಣಿಯ ಅಪ್ಪನ ಕಸುಬೇ ಹಲ್ಲು. ಡಾಕ್ಟರಲ್ಲ. ಡಾಕ್ಟರುಗಳು ಅಚ್ಚು ತೆಗೆದು ಕಳಿಸಿದರೆ ಲ್ಯಾಬಿನಲ್ಲಿ ಕೂತು ಕ್ಯಾಪು, ಸೆಟ್ಟು ಮಾಡುವವನು. ಬೀದಿಯಲ್ಲಿ ಅವನಿಗೆ ಹಲ್ಲಪ್ಪ ಎಂದೇ ಹೆಸರು. ಅವನ ತಾಯಿಯ ಬಾಯಲ್ಲಿದ್ದ ಇಪ್ಪತ್ತೆಂಟೂ ಅವನು ಮಾಡಿದವೇ. "ಮೊದಲನೇ ಸಲ ನಾನು ಇವನಿಗೆ ಹಲ್ಲು ಕೊಟ್ಟೆ, ಎರಡನೇ ಸಲ ಇವನು ನನಗೆ ಕೊಟ್ಟ, ಲೆಕ್ಕ ಚುಕ್ತಾ" ಎಂದು ಮುದುಕಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅಂದು ರಾತ್ರಿಯೂಟಕ್ಕೆ ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಹಲ್ಲಪ್ಪ ಮೊಟ್ಟೆ ಸುಲಿಯುತ್ತಲೇ ಶುರುಮಾಡಿದ.

"ಪೇಸ್ಟು ಮೇಲಿನ ಕೊಳೆ ತೆಗೆಯತ್ತೆ. ಟೀ ಕಲೆ, ಪಾಚಿ, ಅದನ್ನ ತೆಗೆಯತ್ತೆ. ಹಲ್ಲಿನ ಬಣ್ಣ ಒಳಗಿಂದು. ಅಲ್ಲಿಗೆ ನಿನ್ನ ಪೇಸ್ಟು ಹೋಗಲ್ಲ."

"ಎಷ್ಟು ಜನ ಹಚ್ತಾರೆ ಅಪ್ಪ. ಎಲ್ಲರೂ ಹುಚ್ಚರಾ?"

"ಹುಚ್ಚರಲ್ಲ. ಅವಸರದವರು. ಒಳ್ಳೆ ಪೇಸ್ಟಾದ್ರೆ ದಿನಕ್ಕೆರಡು ಸಲ ಮೆತ್ತಗೆ ಉಜ್ಜಿದ್ರೆ ತೊಂದ್ರೆ ಇಲ್ಲ. ನೀನು ಆ ಗಡುಸು ಬ್ರಷ್ ಹಿಡಕೊಂಡು ಮೂರು ಹೊತ್ತು ತಿಕ್ಕಿದ್ರೆ ಮೇಲಿನ ಪದರ ಸವೆಯತ್ತೆ. ಸವೆದ ಮೇಲೆ ಒಳಗಿನ ಹಳದಿ ಇನ್ನೂ ಚೆನ್ನಾಗಿ ಕಾಣತ್ತೆ. ಆಮೇಲೆ ತಿಕ್ಕು."

"ನಿನ್ನ ಕಸುಬಿಗೆ ಕಲ್ಲು ಬೀಳತ್ತೆ ಅಂತ ಹೀಗೆ ಹೇಳ್ತೀಯ."

ಹಲ್ಲಪ್ಪ ಮೊಟ್ಟೆ ಕೆಳಗಿಟ್ಟ. "ಭಾನುವಾರ ನೋಡೋಣ" ಎಂದ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಲ್ಯಾಬಿನಿಂದ ತಂದಿದ್ದ ಶೇಡ್ ಗೈಡನ್ನು ಕಿಟಕಿಯ ಹತ್ತಿರ ಬಿಚ್ಚಿದ. ಚಿಕ್ಕ ಚಿಕ್ಕ ಕಡ್ಡಿಗಳ ತುದಿಗೆ ಒಂದೊಂದು ಮಾದರಿ ಹಲ್ಲು. ಹದಿನಾರು ಬಣ್ಣ, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಬೇರೆ, ಒಂದೊಂದಕ್ಕೂ ಒಂದು ಅಕ್ಷರ, ಒಂದು ಅಂಕಿ. ಬಣ್ಣ ನೋಡುವುದು ಹಗಲು ಬೆಳಕಿನಲ್ಲೇ ಎಂಬುದು ಅವನ ಕಟ್ಟುನಿಟ್ಟು. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ತುಟಿ ಎತ್ತಿಸಿ, ಕಡ್ಡಿಯನ್ನು ಹಲ್ಲಿನ ಪಕ್ಕ ಹಿಡಿಯುತ್ತ ಹೋದ. ಎಡಗಡೆಯ ಮುಂದಿನ ಹಲ್ಲಿಗೆ ಹಿಡಿದ, ಕೋರೆಹಲ್ಲಿಗೆ ಹಿಡಿದ. ಬಲಗಡೆಯ ಮುಂದಿನ ಹಲ್ಲಿಗೆ ಮಾತ್ರ ಹಿಡಿಯದೆ ದಾಟಿದ. "ಎ ಮೂರು. ಬರ್ಕೊಳ್ಳಿ" ಎಂದ, ಯಾರೂ ಬರೆದುಕೊಳ್ಳಲು ಕೂತಿಲ್ಲದಿದ್ದರೂ.

ಅವನ ಕೈ ಆ ಹಲ್ಲನ್ನು ದಾಟಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಕಣ್ಣು ಬೇರೆ ಕಡೆ ತಿರುಗಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ, ಹತ್ತು ವರ್ಷದಿಂದ ಆ ಹಲ್ಲಿನ ಸುದ್ದಿ ಬಂದಾಗಲೆಲ್ಲ ಅವಳು ಹೀಗೇ ತಿರುಗುತ್ತಿದ್ದಳು.

ಆ ಹಲ್ಲು ಗಿಣಿಯದಲ್ಲ. ಹದಿನಾಲ್ಕನೇ ವರ್ಷದಲ್ಲಿ ಮುರಿದದ್ದರ ಮೇಲೆ ಅಪ್ಪ ಮಾಡಿ ಕೊಟ್ಟ ಕ್ಯಾಪು ಅದು. ಅವತ್ತು ಲಾಂಡ್ರಿಯಲ್ಲಿ ಒಬ್ಬಳು ಬರದೆ ಅಕ್ಕ ಎರಡು ಪಾಳಿ ಒಟ್ಟಿಗೆ ಮುಗಿಸಿ ಮನೆಗೆ ಬಂದಿದ್ದಳು. ಬಂದವಳು ಮನೆಯ ಬಟ್ಟೆ ಒಗೆದು, ಜಾಲಿಸಿ, ಬಕೆಟ್ಟಿನಲ್ಲಿ ಇಟ್ಟಿದ್ದಳು. ಗಿಣಿ ಕುಣಿದುಕೊಂಡು ಬಂದು ಬಕೆಟ್ಟನ್ನು ಮಣ್ಣಿಗೆ ಕೆಡವಿದಳು. ಅಕ್ಕನಿಗೆ ಸಿಟ್ಟಿನಲ್ಲಿ ಕಣ್ಣೇ ಕಾಣಲಿಲ್ಲ. ಎರಡೂ ಕೈಯಿಂದ ಮಗಳನ್ನು ತಳ್ಳಿದಳು. ಹುಡುಗಿಯ ಮುಖ ಹೋಗಿ ಒಗೆಯುವ ಕಲ್ಲಿನ ಅಂಚಿಗೆ ಬಡಿಯಿತು. ಬಾಗಿಲಲ್ಲಿ ಅತ್ತೆ ನಿಂತು ನೋಡಿದ್ದಳು. ಹಲ್ಲಪ್ಪ ಓಡಿ ಬಂದು ಏನಾಯಿತೆಂದು ಕೇಳಿದ. ಅತ್ತೆಯೇ ಹೇಳಿದಳು: "ನೀರು ಚೆಲ್ಲಿತ್ತು, ಜಾರಿದಳು."

ಅಷ್ಟೇ. ಆ ಒಂದು ಮಾತು ಹಾಗೇ ನಿಂತುಬಿಟ್ಟಿತು. ಸೊಸೆಯ ಸಾರಿಗೆ ಉಪ್ಪಿಲ್ಲ, ಸೊಸೆಯ ಕೈಗೆ ಚುರುಕಿಲ್ಲ ಎಂದು ದಿನಕ್ಕೆ ನಾಲ್ಕು ಸಲ ಹೇಳುವ ಬಾಯಿ ಅದು. ಆದರೆ ಈ ವಿಷಯವನ್ನು ಒಮ್ಮೆಯೂ ಹೊರಗೆ ಹಾಕಲಿಲ್ಲ. ಹಲ್ಲಪ್ಪ ನಾಲ್ಕು ಸಂಜೆ ಕೂತು ಆ ಕ್ಯಾಪು ಮಾಡಿದ. ಪಕ್ಕದ ಹಲ್ಲಿನಲ್ಲಿದ್ದ ಒಂದು ಬಿಳಿ ಚುಕ್ಕೆಯನ್ನೂ ಬಿಡದೆ ಇದರಲ್ಲೂ ಇಳಿಸಿದ. ಡಾಕ್ಟರು ಕೂರಿಸಿದ ಮೇಲೆ ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಎಂದು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಮಾತು ಬರದಿದ್ದರೆ ಮನೆಯವರೂ ಮರೆತಿರುತ್ತಿದ್ದರು. ಮರೆಯದವಳು ಅಕ್ಕ ಒಬ್ಬಳೇ.

ಮೂರು ವಾರ ಕಳೆಯಿತು. ಗಿಣಿ ಬೆಳಿಗ್ಗೆ ಉಜ್ಜಿದಳು, ಅಂಗಡಿಗೆ ಬ್ರಷ್ ತೆಗೆದುಕೊಂಡು ಹೋಗಿ ಮಧ್ಯಾಹ್ನ ಉಜ್ಜಿದಳು, ರಾತ್ರಿ ಉಜ್ಜಿದಳು. ಟೀ ಬಿಟ್ಟಳು. ಯಾರೋ ಹೇಳಿದರೆಂದು ನಿಂಬೆರಸಕ್ಕೆ ಸೋಡಾಪುಡಿ ಕಲಸಿ ಎರಡು ದಿನ ತಿಕ್ಕಿದಳು. ಅದನ್ನು ಅಜ್ಜಿ ಕಂಡು ಬಟ್ಟಲನ್ನೇ ಚೆಲ್ಲಿದಳು. "ನಿಂಬೆಹಣ್ಣಲ್ಲಿ ತಾಮ್ರದ ಚೊಂಬು ತೊಳೀತಾರೆ ಕಣೇ. ನಿನ್ನ ಬಾಯೇನು ಚೊಂಬಾ?" ಎಂದಳು.

ಮೂರನೇ ಭಾನುವಾರ ಮತ್ತೆ ಕಿಟಕಿ, ಮತ್ತೆ ಸ್ಟೂಲು. ಹಲ್ಲಪ್ಪ ಕಡ್ಡಿ ಹಿಡಿದು ನೋಡಿ, ದೂರ ಸರಿದು ನೋಡಿ, ಗೆದ್ದ ಮುಖದಲ್ಲಿ ತಿರುಗಿದ.

"ಎ ಮೂರು. ಕೆಳಗಿನ ಹಲ್ಲಿನ ಸಂದಿಯ ಟೀ ಕಲೆ ಹೋಗಿದೆ, ಅದು ಒಪ್ಪಿದೆ. ಬಣ್ಣ ಇದ್ದಲ್ಲೇ ಇದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ."

"ಉಜ್ಜಿದ ತಕ್ಷಣ ನೋಡಿದ್ರೆ ಬೆಳ್ಳಗಿರತ್ತೆ."

"ಅದು ನಿಮ್ಮಮ್ಮನ ನೀಲಿ. ಮಧ್ಯಾಹ್ನಕ್ಕೆ ತೊಳೆದು ಹೋಗತ್ತೆ."

"ನಗಬೇಡ ಅಪ್ಪ." ಗಿಣಿ ಸ್ಟೂಲಿನಿಂದ ಎದ್ದಳು. "ನೀನು ಬೆಳಕಲ್ಲಿ ಕೂತು ಕೆಲಸ ಮಾಡೋನು. ನಿನ್ನ ಮೇಜಿಗೆ ಎರಡು ದೀಪ ಇದೆ. ನಾಲ್ಕು ವರ್ಷ ಆಯ್ತು, ಭಾನುವಾರ ಬಿಟ್ರೆ ನಾನು ಮಧ್ಯಾಹ್ನದ ಬಿಸಿಲು ಹೇಗಿರತ್ತೆ ಅಂತ ನೋಡಿಲ್ಲ. ಹೊರಗೆ ಬರೋಕೆ ಒಂದು ಬಾಗಿಲು ಕಂಡಿದೆ. ಅದಕ್ಕೂ ನೀನು ಅಳತೆಕಡ್ಡಿ ಹಿಡೀತೀಯ."

ಹಲ್ಲಪ್ಪ ಕಡ್ಡಿಗಳನ್ನು ಪೆಟ್ಟಿಗೆಗೆ ಸೇರಿಸುತ್ತ, "ನಾನು ಇದ್ದದ್ದು ಹೇಳಿದೆ" ಎಂದ. ಇದ್ದದ್ದನ್ನೇ ಹೇಳಿದ್ದ, ಸುಳ್ಳಿಲ್ಲ. ಆದರೆ ಅವನು ಗೆದ್ದ ಆ ಪಂದ್ಯವೇ ಮಗಳನ್ನು ಪೇಸ್ಟಿನಿಂದ ಮುಂದಿನ ಹೆಜ್ಜೆಗೆ ತಳ್ಳಿತು. ಪೇಸ್ಟಿನಿಂದ ಆಗುವುದಿಲ್ಲವಾದರೆ ಯಾವುದರಿಂದ ಆಗುತ್ತದೆ ಎಂದು ಅವಳು ಹುಡುಕಿದಳು.

ಮುಂದಿನ ವಾರ ಗಿಣಿ ತಣ್ಣೀರು ಬಿಟ್ಟಳು. ಆಮೇಲೆ ಬಿಸಿ ಅನ್ನ ಬಿಟ್ಟಳು, ಆರಿಸಿ ತಿನ್ನತೊಡಗಿದಳು. ಊಟಕ್ಕೆ ಕೂತರೆ ಬಾಯಿಯ ಮುಂದೆ ಎಡಗೈ ಅಡ್ಡ. ಮಾತು ಕೇಳಿದರೆ ಹೂಂ, ಉಹೂಂ.

"ಏನೇ, ಬಾಯಿಗೆ ಬೀಗ ಹಾಕ್ಕೊಂಡಿದೀಯ?" ಎಂದು ಅಜ್ಜಿ ಕೇಳಿದಳು.

"ಹಲ್ಲು ಜುಂ ಅನ್ನತ್ತೆ ಅಜ್ಜಿ."

"ಹಲ್ಲಿದ್ದೋರಿಗೆ ಕಡಲೆ ಇಲ್ಲ ಅಂತಾರಲ್ಲ, ಹಾಗಾಯ್ತು ನಿನ್ನ ಕಥೆ. ನೋಡು, ನಾನು ಎಲ್ಲಾ ತಿಂತೀನಿ" ಎಂದು ಮುದುಕಿ ಬ್ರೆಡ್ಡಿನ ಗಟ್ಟಿ ಅಂಚನ್ನು ಕಟಕಟನೆ ಕಡಿದಳು.

ಅಕ್ಕನಿಗೆ ಲಾಂಡ್ರಿಯ ಒಂದು ಚಾಳಿ ಇತ್ತು. ಬಟ್ಟೆ ನೀರಿಗೆ ಹಾಕುವ ಮುಂಚೆ ಪ್ರತಿಯೊಂದು ಜೇಬಿಗೂ ಕೈ ಹಾಕುವುದು. ಆಸ್ಪತ್ರೆಯ ಜೇಬುಗಳಲ್ಲಿ ಸೂಜಿ ಇರುತ್ತದೆ, ಕತ್ತರಿ ಇರುತ್ತದೆ, ಒಮ್ಮೆ ಒಬ್ಬರ ಕನ್ನಡಕವೇ ಇತ್ತು. ಆ ಬುಧವಾರ ಮಗಳ ಕೆಲಸದ ಕೋಟಿನ ಜೇಬಿನಲ್ಲಿ ಅವಳಿಗೆ ಸಿಕ್ಕಿದ್ದು ಸೂಜಿಯಿಲ್ಲದ ಒಂದು ಪುಟ್ಟ ಪಿಚಕಾರಿ. ಒಳಗೆ ಗೋಂದಿನ ಹಾಗಿರುವ ಏನೋ. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಮೂಸಿ ನೋಡಿದಳು. ಮೂಗಿನೊಳಗೆ ಚುರ್ ಎಂದಿತು. ರಕ್ತದ ಕಲೆಗೆ ಹಾಕುವ ದ್ರಾವಣದ ದೂರದ ನೆಂಟ ಇದು ಎಂದು ಅವಳ ಮೂಗು ಹೇಳಿತು.

ಮಗಳು ಬಂದಾಗ ಮೆಲ್ಲಗೆ ಕೇಳಿದಳು. "ಇದೆಲ್ಲಿ ಸಿಕ್ತು?"

ಗಿಣಿ ಕಸಿದುಕೊಂಡಳು. "ಬ್ಯೂಟಿ ಪಾರ್ಲರಿನವಳು ಕೊಟ್ಟಳು. ಹಲ್ಲಿನ ಆಕಾರದ ಅಚ್ಚಿಗೆ ಹಾಕಿ ಒಂದು ಗಂಟೆ ಕಚ್ಚಿಕೊಂಡಿರೋದು. ಅಪ್ಪನಿಗೆ ಹೇಳ್ಬೇಡ."

"ಎಷ್ಟು ದಿನ ಆಯ್ತು?"

"ಎಂಟು."

"ಅವಳೇನು ಡಾಕ್ಟರಾ? ನಮ್ಮಲ್ಲಿ ಬ್ಲೀಚು ಜಾಸ್ತಿ ಹಾಕಿದ ಹಾಸನ್ನ ಬೆಳಕಿಗೆ ಹಿಡಿದ್ರೆ ಆಚೆ ಗೋಡೆ ಕಾಣತ್ತೆ ಕಣೇ. ಬೆಳ್ಳಗೇನೋ ಇರತ್ತೆ. ರೋಗಿ ಮಗ್ಗಲು ಬದಲಾಯಿಸಿದ್ರೆ ಪರ್ ಅಂತ ಹರಿಯತ್ತೆ."

"ಅಮ್ಮ, ಇನ್ನು ಎರಡು ವಾರಾನೂ ಇಲ್ಲ ಸಂದರ್ಶನಕ್ಕೆ. ಹೇಳಲ್ಲ ಅನ್ನು."

ಹಾಗೆ ಕೇಳುವಾಗ ಗಿಣಿಯ ಕೈ ಬಾಯಿಂದ ಸರಿಯಿತು. ಅಕ್ಕ ಕಂಡದ್ದು ಆಗ. ಹಲ್ಲುಗಳು ನಿಜಕ್ಕೂ ಬೆಳ್ಳಗಾಗಿದ್ದವು, ಕಾಗದದ ಹಾಗೆ. ಅವುಗಳ ನಡುವೆ ಬಲಗಡೆಯ ಮುಂದಿನ ಹಲ್ಲು ಒಂದೇ ಹಳದಿಯಾಗಿ ನಿಂತಿತ್ತು, ಒಗೆದ ಹಾಸುಗಳ ರಾಶಿಯಲ್ಲಿ ಒಗೆಯದೆ ಸೇರಿದ ಒಂದು ದಿಂಬಿನ ಚೀಲದ ಹಾಗೆ. ಔಷಧಿ ಹುಟ್ಟಿದ ಹಲ್ಲಿಗೆ ಹತ್ತಿತ್ತು, ಮಾಡಿದ ಹಲ್ಲಿಗೆ ಹತ್ತಿರಲಿಲ್ಲ. ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಈಗ ಬೀದಿಯಿಂದಲೂ ಕಾಣುವ ಹಾಗಿತ್ತು.

"ಆಯ್ತು, ಹೇಳಲ್ಲ" ಎಂದಳು. ಹೇಳದೆ ಇರುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು.

ಬಾಯಿಯ ಮುಂದೆ ಕೈ ಎಷ್ಟು ದಿನ ನಿಂತೀತು? ಸಂದರ್ಶನಕ್ಕೆ ಎರಡು ದಿನವಿದ್ದಾಗ, ಸಂಜೆ ಊಟಕ್ಕೆ ಕೂತಲ್ಲಿ ಗಿಣಿಗೆ ಕೆಮ್ಮು ಬಂತು. ನೀರಿನ ಲೋಟಕ್ಕೆ ಎರಡೂ ಕೈ ಹೋಯಿತು. ಎದುರಿಗೆ ಕೂತಿದ್ದ ಹಲ್ಲಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ.

"ತೋರಿಸು."

"ಏನಿಲ್ಲ."

"ಬಾಯಿ ತೋರಿಸು ಅಂದೆ."

ಅವಳು ತೋರಿಸಿದಳು. ಅವನಿಗೆ ಕಡ್ಡಿ ಬೇಕಾಗಲಿಲ್ಲ. ತುಂಬ ಹೊತ್ತು ನೋಡಿದ. ಕಸುಬಿನವನಿಗೆ ಮೊದಲು ಬಂದ ಸಿಟ್ಟು ಕಸುಬಿನದೇ.

"ನನ್ನ ಹಲ್ಲು ಹಳದಿ ಅಲ್ಲ. ಇಟ್ಟ ಜಾಗದಲ್ಲೇ ಇದೆ ಅದು. ನಿನ್ನವು ಓಡಿ ಹೋಗಿವೆ."

"ಹಾಗಾದ್ರೆ ಬೇರೆ ಮಾಡಿಕೊಡು. ಬೆಳ್ಳಗಿರೋದು. ನಾಡಿದ್ದು ಬೇಕು."

"ನಾಡಿದ್ದು? ಅದೇನು ಗುಂಡಿ ಹೊಲಿಯೋದಾ? ಇದನ್ನ ಕೊರೆದು ತೆಗೀಬೇಕು. ಒಳಗೆ ಉಳಿದಿರೋದು ಇಷ್ಟೇ ಇಷ್ಟು ಮೋಟು ಹಲ್ಲು. ಅದೂ ಅಲ್ದೆ, ಔಷಧಿ ನಿಲ್ಲಿಸಿ ಎರಡು ವಾರ ಆಗೋವರೆಗೆ ನಿನ್ನ ಹಲ್ಲಿನ ಬಣ್ಣ ನಿಲ್ಲಲ್ಲ. ಇವತ್ತಿನ ಬಣ್ಣಕ್ಕೆ ಮಾಡಿದ್ರೆ, ಮಿಕ್ಕವು ಹಳೇ ಬಣ್ಣಕ್ಕೆ ಇಳಿದ ಮೇಲೆ ಇದೊಂದೇ ಸುಣ್ಣದ ಹಾಗೆ ನಿಲ್ಲತ್ತೆ. ಯಾರ ಹತ್ರ ಹಾಕಿಸ್ಕೊಂಡೆ? ಒಸಡು ನೋಡು, ಸುಟ್ಟು ಬೆಳ್ಳಗಾಗಿದೆ. ಡಾಕ್ಟರ ಹತ್ರ ಹೋಗಿದ್ರೆ ಮೊದಲನೇ ಮಾತೇ, ಕ್ಯಾಪಿದೆಯಾ ಅಂತ ಕೇಳ್ತಿದ್ರು."

"ಈ ಒಂದು ಹಲ್ಲು ಇಲ್ದಿದ್ರೆ ಎಲ್ಲಾ ಸರಿ ಇರ್ತಿತ್ತು" ಎಂದು ಗಿಣಿ ತಟ್ಟೆ ದೂಡಿದಳು.

"ಅವತ್ತು ನೆಟ್ಟಗೆ ಕಣ್ಣು ಬಿಟ್ಟು ನಡೆದಿದ್ರೆ ಈ ಹಲ್ಲೇ ಬೇಕಾಗಿರ್ಲಿಲ್ಲ" ಎಂದ ಹಲ್ಲಪ್ಪ. "ನೀರಲ್ಲಿ ಕುಣಿದು ಜಾರಿದವಳು ನೀನು. ನನ್ನ ಕೆಲಸಕ್ಕೆ ಹೆಸರಿಡಬೇಡ."

ಗಿಣಿ ಅಪ್ಪನ ಕಡೆ ನೋಡಲಿಲ್ಲ. ಅಮ್ಮನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಬಸ್ಸಿಗೆ ಕಾಯುವವರು ರಸ್ತೆಯ ತಿರುವನ್ನು ನೋಡುವ ಹಾಗೆ. ಅಕ್ಕ ಎದ್ದು ಎಲ್ಲರ ತಟ್ಟೆ ಒಂದರ ಮೇಲೊಂದು ಪೇರಿಸಿದಳು, ಇನ್ನೂ ಊಟ ಮುಗಿಸದಿದ್ದ ಗಂಡನದನ್ನೂ ಸೇರಿಸಿ. ಅವಳು ತಟ್ಟೆ ಎತ್ತಿಕೊಂಡು ಹೋಗುವವರೆಗೂ ಮಗಳು ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಪಾಳಿ ಮುಗಿಸಿ ಬಂದ ಅಕ್ಕ ಹಿತ್ತಲಿನ ಅದೇ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ಅತ್ತೆ ಬಂದು ಮೆಟ್ಟಿಲ ಮೇಲೆ ಕೂತು, ಸೆಟ್ಟನ್ನು ಬಾಯಿಂದ ತೆಗೆದು, ಬ್ರಷ್ಷಿನಿಂದ ತಿಕ್ಕತೊಡಗಿದಳು.

"ಎಷ್ಟು ಕುಕ್ತೀಯೇ? ಕಲ್ಲು ಒಡೆದೀತು."

"ನಿನ್ನೆ ಹುಡುಗಿ ನನ್ನ ಮುಖ ನೋಡಿದ್ದು ಕಂಡ್ರಾ ಅತ್ತೆ?"

"ಕಂಡೆ. ಕಣ್ಣಿಗೆ ಸೆಟ್ಟು ಹಾಕಿಸಿಲ್ಲ ಇನ್ನೂ."

ಅಕ್ಕ ಬಟ್ಟೆ ಹಿಂಡಿದಳು. ಕೇಳಬೇಕೆಂದು ಹತ್ತು ವರ್ಷದಿಂದ ಇದ್ದದ್ದನ್ನು ಈಗ ಕೇಳಿದಳು. "ಅವತ್ತು ನೀವ್ಯಾಕೆ ಹಾಗೆ ಹೇಳಿದ್ರಿ?"

ಮುದುಕಿ ಸೆಟ್ಟನ್ನು ನೀರಿಗೆ ಅದ್ದಿದಳು. ಹಲ್ಲಿಲ್ಲದ ಬಾಯಿ ಒಳಕ್ಕೆ ಹೋಗಿ ಮುಖ ಚಿಕ್ಕದಾಗಿತ್ತು. "ನೀನು ನಿಂತಲ್ಲೇ ನಡುಗ್ತಿದ್ದೆ. ಕೈಯೆಲ್ಲ ನೀರಲ್ಲಿ ನೆಂದು ಬಿರಿದಿತ್ತು. ನಾನೇನು ಸಾಚಾನಾ? ನಿನ್ನ ಗಂಡನ ತಲೆ ಹಿಂದೆ ಗುರುತಿದೆಯಲ್ಲ, ಮರದಿಂದ ಬಿದ್ದ ಅಂತ ಅವನು ಹೇಳ್ಕೊಂಡು ತಿರುಗ್ತಾನೆ. ಸೌಟಿನ ಏಟು ಅದು. ಅವನಿಗೆ ಆಗ ಮೂರು ವರ್ಷ, ನೆನಪಿಲ್ಲ. ನಾನೂ ಹೇಳಿಲ್ಲ."

ಅಕ್ಕ ಹಿಂಡಿದ ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿದಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಮುತ್ತು ಒಡೆದಾಗಿತ್ತು. ಮಾತಾದ್ರೂ ಉಳೀಲಿ ಅಂತ ಇಟ್ಕೊಂಡೆ" ಎಂದಳು ಅತ್ತೆ. "ಆದ್ರೆ ನನ್ನವನಿಗೆ ನೆನಪಿಲ್ಲ. ನಿನ್ನವಳಿಗೆ ಹದಿನಾಲ್ಕು ವರ್ಷ ಆಗಿತ್ತು. ಅದು ಬೇರೆ." ಸೆಟ್ಟನ್ನು ಬಾಯಿಗೆ ಹಾಕಿಕೊಂಡು, ಮತ್ತೆ ದೊಡ್ಡ ಮುಖ ಮಾಡಿಕೊಂಡು, "ಕಾಲರು ಸರಿಯಾಗಿ ಉಜ್ಜು, ಕೊಳೆ ಹಾಗೇ ಇದೆ" ಎಂದು ಎದ್ದು ಹೋದಳು.

ಸಂದರ್ಶನದ ದಿನ ಗಿಣಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದಳು. ಸಂಜೆ ಬಂದವಳು ಬಟ್ಟೆ ಬದಲಿಸಿ, ತರಕಾರಿ ಹೆಚ್ಚಲು ಕೂತಳು. ಯಾರೂ ಕೇಳಲಿಲ್ಲ. ಅರ್ಧ ಕ್ಯಾರೆಟ್ ಹೆಚ್ಚಿದ ಮೇಲೆ ತಾನೇ ಹೇಳಿದಳು.

"ಉದ್ದನೆ ಹುಡುಗಿಗೆ ಸಿಕ್ತು. ನನ್ನ ಪಕ್ಕದ ಮೇಜಿನವಳು."

"ಅವಳ ಹಲ್ಲು ಹೇಗಿದೆ?" ಎಂದು ಹಲ್ಲಪ್ಪ ಕೇಳಿದ, ತಡೆಯಲಾಗದೆ.

"ಸಂದಿ ಇದೆ. ಟೀ ಬಣ್ಣ." ಗಿಣಿ ಚಾಕು ಕೆಳಗಿಟ್ಟಳು. "ಸೂಪರ್‌ವೈಸರಮ್ಮ ನನ್ನ ಕೇಳಿದ್ರು, ನೀನ್ಯಾಕೆ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತೀಯ, ಗಿರಾಕಿ ಎದುರು ಹಾಗೆ ನಿಂತ್ರೆ ನಡೆಯಲ್ಲ ಅಂತ. ಹಲ್ಲು ನೋಡ್ಕೋ ಅಂತ ಅವರೇ ಹೇಳಿದ್ದು ಅವರಿಗೆ ನೆನಪೂ ಇರ್ಲಿಲ್ಲ, ನಾನೇ ನೆನಪು ಮಾಡಿದೆ. ಅವತ್ತು ಮಧ್ಯಾಹ್ನ ಊಟದ ಸೊಪ್ಪು ಹಲ್ಲಿಗೆ ಅಂಟಿತ್ತಂತೆ, ಅಷ್ಟಕ್ಕೆ ಹೇಳಿದ್ದಂತೆ."

ಗಿಣಿ ಅಳಲಿಲ್ಲ. ದಣಿದಿದ್ದಳು. ಎರಡು ತಿಂಗಳು ತಿಕ್ಕಿ ತಿಕ್ಕಿ, ಕಚ್ಚಿಕೊಂಡು ಕೂತು, ಬಿಸಿಯದು, ತಣ್ಣನೆಯದು ಎರಡನ್ನೂ ಬಿಟ್ಟು, ಕೊನೆಗೆ ಸಿಕ್ಕಿದ್ದು ಬಾಯಿಗೆ ಕೈ ಅಡ್ಡ ಇಡುವ ಚಾಳಿ ಒಂದೇ.

ಹಲ್ಲಪ್ಪನಿಗೂ ಕನಿಕರವಾಯಿತು. ಆದರೆ ಅವನ ಕನಿಕರಕ್ಕೆ ಬರುವ ದಾರಿ ಅದೊಂದೇ. "ಹೋಗ್ಲಿ ಬಿಡು. ನಾನು ಮೊದಲೇ ಹೇಳಿದ್ದೆ. ಚಿಕ್ಕಂದಿನಿಂದ ನಿನಗೆ ಅವಸರ. ಅವತ್ತೂ ಹಾಗೇ ಓಡಿ ಬಂದು ಜಾರಿ..."

"ಅವಳು ಜಾರ್ಲಿಲ್ಲ" ಎಂದಳು ಅಕ್ಕ.

ಅವಳು ಒಲೆಯ ಮುಂದೆ, ಇವರಿಗೆ ಬೆನ್ನು ಹಾಕಿ ನಿಂತಿದ್ದಳು. ತಿರುಗಿದಳು.

"ಅವಳು ಜಾರ್ಲಿಲ್ಲ. ನಾನು ತಳ್ಳಿದೆ. ಎರಡು ಕೈಯಲ್ಲಿ. ಬಟ್ಟೆ ಮಣ್ಣಿಗೆ ಬಿತ್ತು ಅಂತ."

ಹಲ್ಲಪ್ಪ ಹೆಂಡತಿಯನ್ನು ನೋಡಿದ, ಆಮೇಲೆ ತಾಯಿಯನ್ನು. "ನೀನು ನೀರಿತ್ತು ಅಂದೆಯಲ್ಲಮ್ಮ."

"ನೀರೂ ಇತ್ತು" ಎಂದಳು ಮುದುಕಿ.

"ಹತ್ತು ವರ್ಷ." ಅವನು ಅದನ್ನೇ ಮತ್ತೊಮ್ಮೆ ಹೇಳಿದ. "ಹತ್ತು ವರ್ಷ ನಾನು ಇವಳನ್ನ ಬೈಕೊಂಡು ಬಂದೆ."

ಅಕ್ಕ ಮಗಳ ಕಡೆ ನೋಡಿದಳು. "ನಿನಗೆ ಗೊತ್ತಿತ್ತು."

"ನನ್ನನ್ನೇ ತಳ್ಳಿದ್ದು. ಗೊತ್ತಿರಲ್ವಾ?"

"ಮತ್ತೆ ಅಪ್ಪ ಬೈದಾಗಲೆಲ್ಲ ಯಾಕೆ ಸುಮ್ಮನಿದ್ದೆ?"

"ನೀನು ಹೇಳ್ತೀಯ ಅಂತ ಕಾದೆ" ಎಂದಳು ಗಿಣಿ. "ಮೊದಮೊದಲು ದಿನಾ ಕಾಯ್ತಿದ್ದೆ. ಆಮೇಲೆ ಬಿಟ್ಟೆ. ಮೊನ್ನೆ ಒಂದು ಸಲ ಮತ್ತೆ ಕಾದೆ. ನೀನು ತಟ್ಟೆ ಎತ್ಕೊಂಡು ಹೋದೆ."

ಕ್ಷಮಿಸು ಎನ್ನುವಷ್ಟು ದೊಡ್ಡ ಮಾತನ್ನು ಆ ಮನೆಯಲ್ಲಿ ಯಾರೂ ಆಡಿ ರೂಢಿಯಿರಲಿಲ್ಲ. ಅಕ್ಕ ಮಗಳ ಮುಂದಿದ್ದ ಚಾಕು ಎತ್ತಿಕೊಂಡು, ಉಳಿದ ಕ್ಯಾರೆಟ್ಟನ್ನು ತಾನೇ ಹೆಚ್ಚಿದಳು. ಹೋಳುಗಳು ದಪ್ಪ ದಪ್ಪ ಬಂದವು. ಅತ್ತೆ ಕೂಡ ಅದಕ್ಕೆ ಏನೂ ಅನ್ನಲಿಲ್ಲ.

ಒಂದು ವಾರ ಹಲ್ಲಪ್ಪ ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ. ಉಪ್ಪು ಕೊಡು. ಬಾಗಿಲು ಹಾಕು. ಮಗಳನ್ನು ತನಗೆ ಗೊತ್ತಿದ್ದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಅವರು ಪಿಚಕಾರಿಯನ್ನು ಕಸದ ಡಬ್ಬಿಗೆ ಹಾಕಿಸಿದರು. ಜುಮ್ಮೆನ್ನುವ ಹಲ್ಲಿಗೆ ಬೇರೆ ಪೇಸ್ಟು, ಮೆತ್ತನೆ ಬ್ರಷ್ ಬರೆದುಕೊಟ್ಟರು. ಒಸಡು ವಾಸಿಯಾಗುತ್ತದೆ, ಸವೆದದ್ದು ಸವೆದಂತೆಯೇ, ಮತ್ತೆ ಬೆಳೆಯುವುದಿಲ್ಲ ಎಂದರು. ಹೊಸ ಕ್ಯಾಪಿನ ಮಾತು ಬಂದಾಗ ಗಿಣಿಯೇ ಬೇಡವೆಂದಳು. "ಮಿಕ್ಕವು ಇಳಿದು ಬರ್ಲಿ. ಕಾಯ್ತೀನಿ. ಕಾಯೋದು ನನಗೆ ಬರತ್ತೆ" ಎಂದಳು. ಹಲ್ಲಪ್ಪನಿಗೆ ಆ ಮಾತು ಯಾರಿಗೆ ಹೇಳಿದ್ದೆಂದು ಅರ್ಥವಾಯಿತು. ಮನೆಗೆ ಬಂದು ಅದನ್ನು ಹೆಂಡತಿಗೆ ಹಾಗೇ ತಲುಪಿಸಿದ. ಅದು ಅವನು ಅವಳಿಗೆ ಕೊಟ್ಟ ಶಿಕ್ಷೆ.

ಗಿಣಿ ನೆಲಮಾಳಿಗೆಯಲ್ಲೇ ಮಡಿಸುತ್ತಿದ್ದಳು. ಟೀ ಮತ್ತೆ ಶುರುವಾಯಿತು. ಅಕ್ಕ ಪ್ರತಿ ಊಟದಲ್ಲೂ ಕದ್ದು ನೋಡುತ್ತಿದ್ದಳು. ಕಾಗದದ ಬಿಳುಪು ನಿಧಾನವಾಗಿ ಮಜ್ಜಿಗೆಯ ಬಿಳುಪಾಯಿತು, ಆಮೇಲೆ ಬೆಣ್ಣೆಯದಾಯಿತು. ಬಾಯಿಯ ಮುಂದಿನ ಕೈ ಒಂದು ದಿನ ಕೆಳಗಿಳಿಯಿತು, ಮರುದಿನ ಮತ್ತೆ ಏರಿತು, ಕೊನೆಗೆ ಮಡಿಲಲ್ಲೇ ಉಳಿಯಿತು.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಹಲ್ಲಪ್ಪ ಕಿಟಕಿಯ ಹತ್ತಿರ ಸ್ಟೂಲು ಹಾಕಿದ. ಮಗಳ ಹಲ್ಲು ನೋಡಿದ. "ಅಜಮಾಸು ಬಂದಿದೆ. ನೂರಕ್ಕೆ ನೂರಲ್ಲ" ಎಂದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳ ಕಡೆ ಕಡ್ಡಿ ಚಾಚಿದ. ಬೇರೆಯವರ ಕೈಗೆ ಅವನು ಅದನ್ನು ಎಂದೂ ಕೊಟ್ಟವನಲ್ಲ.

"ಬಾ, ನೀನೇ ನೋಡು."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಗಿಣಿ ತುಟಿ ಎತ್ತಿ ಕೂತಿದ್ದಳು. ಅಷ್ಟು ಹತ್ತಿರದಿಂದ ಮಗಳ ಮುಖವನ್ನು ಅವಳು ನೋಡಿ ಎಷ್ಟೋ ವರ್ಷವಾಗಿತ್ತು.

"ಯಾವುದು ಅಂತ ಹೇಳು ನೋಡೋಣ" ಎಂದಳು ಗಿಣಿ.

ಅಕ್ಕ ಕಡ್ಡಿ ಹಿಡಿಯಲೇ ಇಲ್ಲ. ಬಣ್ಣ ನೋಡಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. ನೇರವಾಗಿ ಬೆರಳು ಇಟ್ಟಳು, ಬಲಗಡೆಯ ಮುಂದಿನ ಹಲ್ಲಿನ ಮೇಲೆ. "ಇದು" ಎಂದಳು. ನೀರು, ಸೋಪಿನಲ್ಲಿ ನೆಂದು ಒರಟಾದ ಬೆರಳಿಗೆ ಹಲ್ಲು ನುಣ್ಣಗೆ, ಬೆಚ್ಚಗೆ ತಾಗಿತು.

ಗಿಣಿ ಆ ಬೆರಳನ್ನು ಕಚ್ಚಿದಳು. ಬಲವಾಗಿ ಅಲ್ಲ, ಸ್ವಲ್ಪ ನೋವಾಗುವಷ್ಟು. ಅಕ್ಕ ಬೆರಳು ತೆಗೆಯಲಿಲ್ಲ.